ಬೈಲಿನ ಮನೆ, ಪದವಿನ ಮನೆ: ಮಂಗಳೂರಿನ ಬಡಾವಣೆಗಳನ್ನು ಅಳೆಯುವ ಬಗೆ

ಮಂಗಳೂರಿನಲ್ಲಿ ಮನೆ ಕೊಳ್ಳಲು ಹೊರಟವರಿಗೆ ಒಂದು ಬಡಾವಣೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಸಾಮಾನ್ಯವಾಗಿ ದೂರದ ಲೆಕ್ಕದಲ್ಲಿ ಹೇಳಲಾಗುತ್ತದೆ. ಹಂಪನಕಟ್ಟೆಗೆ ಎಷ್ಟು ನಿಮಿಷ, ಕಂಕನಾಡಿಯ ಆಸ್ಪತ್ರೆಗೆ ಎಷ್ಟು ದೂರ, ಬಜಪೆಯ ವಿಮಾನ ನಿಲ್ದಾಣಕ್ಕೆ ಎಷ್ಟು ಕಿಲೋಮೀಟರ್ ಎಂಬುದೇ ಜಾಹೀರಾತಿನ ಮುಖ್ಯ ಮಾತು. ಇದು ಸುಳ್ಳಲ್ಲ, ಆದರೆ ಈ ಊರಿನ ಮಟ್ಟಿಗೆ ಇದು ಎರಡನೆಯ ಮಾತು. ದಕ್ಷಿಣದಲ್ಲಿ ನೇತ್ರಾವತಿ, ಉತ್ತರದಿಂದ ಇಳಿದು ಬಂದು ಕಡಲಿಗೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿಯುವ ಗುರುಪುರ ಅಥವಾ ಫಲ್ಗುಣಿ, ಅವೆರಡೂ ಸೇರಿ ಸಮುದ್ರಕ್ಕೆ ತೆರೆದುಕೊಳ್ಳುವ ಅಳಿವೆ ಬಾಗಿಲು, ನಡುವೆ ಕೆಂಪುಕಲ್ಲಿನ ಗುಡ್ಡಗಳ ಸಾಲು, ಗುಡ್ಡ ಗುಡ್ಡಗಳ ಸಂದಿನಲ್ಲಿ ಒಂದು ಕಾಲಕ್ಕೆ ಗದ್ದೆಯಾಗಿದ್ದ ತಗ್ಗು: ಹೀಗೆ ರಚನೆಗೊಂಡ ನೆಲದ ಮೇಲೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಬೆಂಗಳೂರಿನಲ್ಲಿ ಇಡೀ ವರ್ಷ ಬೀಳುವ ಮಳೆ ಇದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಆದ್ದರಿಂದ ಇಲ್ಲಿ ಎರಡು ಬಡಾವಣೆಗಳನ್ನು ಹೋಲಿಸುವಾಗ ಮೊದಲು ಕೇಳಬೇಕಾದದ್ದು ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ಪೇಟೆಗೆ ಎಷ್ಟು ದೂರ ಎಂಬುದು ಆಮೇಲಿನದು.

ಈ ಪ್ರಶ್ನೆಗೆ ತುಳುನಾಡಿನ ಬೇಸಾಯಗಾರರು ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದರು, ಆ ಉತ್ತರ ಊರಿನ ಹೆಸರುಗಳಲ್ಲಿ ಇಂದಿಗೂ ಉಳಿದಿದೆ. ಅವರು ಗದ್ದೆಯನ್ನು ನೀರಿನ ಲೆಕ್ಕದಲ್ಲಿ ಮೂರು ಬಗೆಯಾಗಿ ವಿಂಗಡಿಸುತ್ತಿದ್ದರು. ಎರಡು ಗುಡ್ಡಗಳ ನಡುವಿನ ಅತ್ಯಂತ ತಗ್ಗಿನ, ತೋಡಿನ (ಸಣ್ಣ ಹಳ್ಳದ) ಪಕ್ಕದ, ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರೂ ಬೆಳೆಗೆ ನೀರು ಸಾಲುವ ಗದ್ದೆ ಬೈಲು. ಅದಕ್ಕಿಂತ ಒಂದು ಹಂತ ಮೇಲಿದ್ದು ಎರಡು ಬೆಳೆ ಕೊಡುವುದು ಮಜಲು. ಇನ್ನೂ ಮೇಲಿದ್ದು ಮಳೆಗಾಲದ ಏಣೆಲು ಬೆಳೆಯೊಂದನ್ನೇ ನಂಬಿರುವುದು ಬೆಟ್ಟು. ಇವೆಲ್ಲಕ್ಕೂ ಮೇಲೆ, ಗುಡ್ಡದ ನೆತ್ತಿಯಲ್ಲಿ ಚಪ್ಪಟೆಯಾಗಿ ಹರಡಿರುವ, ಹುಲ್ಲು ಮತ್ತು ಕುರುಚಲು ಬಿಟ್ಟರೆ ಬೇರೇನೂ ಬೆಳೆಯದ ಕೆಂಪುಕಲ್ಲಿನ ಬಯಲಿಗೆ ಪದವು ಎಂದು ಹೆಸರು. ಕೊಡಿಯಾಲ್‌ಬೈಲ್, ದೇರೆಬೈಲ್, ಹೊಸಬೆಟ್ಟು, ಪದವಿನಂಗಡಿ, ಮಣ್ಣಗುಡ್ಡೆ, ಬಾವುಟಗುಡ್ಡೆ ಎಂಬ ಹೆಸರುಗಳನ್ನು ಈ ಕ್ರಮದಲ್ಲಿ ಓದಿದರೆ ನಕ್ಷೆಯಲ್ಲಿ ಕಾಣದ ಎತ್ತರ-ತಗ್ಗು ಕಣ್ಣಿಗೆ ಕಟ್ಟುತ್ತದೆ. ಕರಾವಳಿಯ ಕನ್ನಡದಲ್ಲಿ ಹೊಯ್ಗೆ ಎಂದರೆ ಮರಳು. ಹೊಯ್ಗೆಬಜಾರ್ ನದಿ ತಂದು ಹಾಕಿದ ಮರಳಿನ ಮೇಲೆ ಕುಳಿತ ಕೇರಿ. ಬೆಂದೂರ್‌ವೆಲ್ ಮತ್ತು ಪಂಪ್‌ವೆಲ್ ಎಂಬ ಇಂಗ್ಲಿಷ್ ಸೇರಿದ ಹೆಸರುಗಳು ಕೂಡ ಬಾವಿಯ ನೆನಪನ್ನೇ ಹೊತ್ತಿವೆ. ಹೆಸರೊಂದೇ ಪುರಾವೆಯಾಗದು, ಏಕೆಂದರೆ ಒಂದೇ ಹೆಸರಿನ ವಾರ್ಡಿನೊಳಗೆ ಗುಡ್ಡದ ನೆತ್ತಿಯೂ ಇರಬಹುದು, ಅದರ ಬುಡದ ಗದ್ದೆಯೂ ಇರಬಹುದು. ದೇರೆಬೈಲಿನಲ್ಲಿ ಗುಡ್ಡದ ಮೇಲಿನ ಮನೆಗಳಿಗೇನೂ ಕೊರತೆಯಿಲ್ಲ. ಆದರೂ ಬಡಾವಣೆಗೆ ‘ಗಾರ್ಡನ್’, ‘ವ್ಯೂ’, ‘ಎನ್‌ಕ್ಲೇವ್’ ಎಂದು ಹೊಸ ಹೆಸರಿಟ್ಟಿರುವಲ್ಲಿ ಹಳೆಯ ಹೆಸರೇನು ಎಂದು ಅಕ್ಕಪಕ್ಕದವರನ್ನು ಕೇಳುವುದು ಮಣ್ಣಿನ ಪರೀಕ್ಷೆಯಷ್ಟೇ ಬೆಲೆಯುಳ್ಳ ಕೆಲಸ.

ಬೈಲಿನಲ್ಲಿ ಮನೆ ಕಟ್ಟುವುದೆಂದರೆ ಗದ್ದೆಯನ್ನು ತುಂಬಿಸುವುದು. ಗುಡ್ಡದಿಂದ ಅಗೆದ ಕೆಂಪು ಮಣ್ಣನ್ನು ಲಾರಿಗಳಲ್ಲಿ ತಂದು, ಗದ್ದೆಯನ್ನು ರಸ್ತೆಯ ಮಟ್ಟಕ್ಕೆ ಎತ್ತರಿಸಿ, ಮೇಲೆ ಕಾಂಪೌಂಡು ಕಟ್ಟಿದರೆ ನೋಡುವವರಿಗೆ ಅದು ಸಮತಟ್ಟಾದ ಒಳ್ಳೆಯ ಜಾಗವೇ. ಆದರೆ ಗದ್ದೆ ಮಾಡುತ್ತಿದ್ದ ಕೆಲಸ ನಿಂತುಹೋಗಿರುತ್ತದೆ. ಸುತ್ತಲಿನ ಗುಡ್ಡಗಳಿಂದ ಇಳಿದ ನೀರನ್ನು ಕೆಲವು ಗಂಟೆಗಳ ಕಾಲ ಹಿಡಿದಿಟ್ಟು, ಮೆಲ್ಲಗೆ ತೋಡಿಗೆ ಬಿಡುತ್ತಿದ್ದ ತಟ್ಟೆ ಅದಾಗಿತ್ತು. ಈಗ ಅಷ್ಟೂ ನೀರು ಒಮ್ಮೆಗೇ ತೋಡಿಗೆ ನುಗ್ಗುತ್ತದೆ, ತೋಡು ಎರಡೂ ಬದಿಯ ಕಾಂಕ್ರೀಟು ಗೋಡೆಗಳ ನಡುವೆ ಹಿಂದಿಗಿಂತ ಕಿರಿದಾಗಿರುತ್ತದೆ, ಮುಂದೆ ನದಿಯಲ್ಲಿ ಭರತದ ಹೊತ್ತಾಗಿದ್ದರೆ ನೀರು ಹೋಗುವ ಬದಲು ಹಿಂದಕ್ಕೆ ಒತ್ತುತ್ತದೆ. 2018ರ ಮೇ 29ರಂದು, ಮುಂಗಾರಿನ ಬಾಗಿಲಲ್ಲೇ ಸುರಿದ ಒಂದು ದಿನದ ಮಳೆಗೆ ಕೊಟ್ಟಾರ ಚೌಕಿ ಸೇರಿದಂತೆ ನಗರದ ತಗ್ಗು ಪ್ರದೇಶಗಳು ಮುಳುಗಿದಾಗ ಬೆಳಕಿಗೆ ಬಂದದ್ದು ಇದೇ ಲೆಕ್ಕ. ಕೊಟ್ಟಾರ ಚೌಕಿಯಲ್ಲಿ ಆ ಬಳಿಕವೂ ಬಿರುಮಳೆಗೆ ನೀರು ನಿಂತದ್ದುಂಟು. ಪಾಂಡೇಶ್ವರ, ಕುದ್ರೋಳಿಯ ತಗ್ಗು, ನೇತ್ರಾವತಿಯ ದಡದ ಜಪ್ಪಿನಮೊಗರು ಇವುಗಳಲ್ಲೂ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ತೋಡು ಎಲ್ಲಿದೆ ಎಂಬುದು, ಎರಡನೆಯದು ಮನೆಯ ನೆಲಗಟ್ಟು ರಸ್ತೆಗಿಂತ ಎಷ್ಟು ಎತ್ತರದಲ್ಲಿದೆ ಎಂಬುದು. ಪಾಲಿಕೆ ಪ್ರತಿ ಡಾಂಬರು, ಪ್ರತಿ ಕಾಂಕ್ರೀಟಿನ ಕಾಮಗಾರಿಯಲ್ಲಿ ರಸ್ತೆಯನ್ನು ಒಂದಿಷ್ಟು ಎತ್ತರಿಸುತ್ತದೆ, ಹಳೆಯ ಮನೆ ಮಾತ್ರ ಇದ್ದಲ್ಲೇ ಇರುತ್ತದೆ. ಇಪ್ಪತ್ತು ವರ್ಷದ ಹಿಂದೆ ನೀರು ಬಾರದ ಅಂಗಳಕ್ಕೆ ಈಗ ನೀರು ಬರುವುದಕ್ಕೆ ಎಷ್ಟೋ ಕಡೆ ಇದೇ ಕಾರಣ.

ಹಾಗಾದರೆ ಗುಡ್ಡವೇ ಮೇಲು ಎಂಬ ತೀರ್ಮಾನ ಸಹಜ, ಮಾರುಕಟ್ಟೆಯೂ ಅದನ್ನೇ ಹೇಳುತ್ತದೆ. ಕದ್ರಿ, ಬಿಜೈ, ಬೆಂದೂರು, ಫಳ್ನೀರ್ ಇವು ಹಳೆಯ ಎತ್ತರದ ವಸತಿಗಳು. ಸುತ್ತಲೂ ಕಾಲೇಜು, ಆಸ್ಪತ್ರೆ, ಇಗರ್ಜಿ, ದೇವಸ್ಥಾನಗಳು ನಡಿಗೆಯ ದೂರದಲ್ಲಿರುವುದರಿಂದ ಅಲ್ಲಿನ ಜಾಗಕ್ಕೆ ಎಂದೂ ಬೇಡಿಕೆ ಇಳಿದದ್ದಿಲ್ಲ. ಆದರೆ ಗುಡ್ಡದ ಒಳಗೇನಿದೆ ಎಂಬುದನ್ನು ತಿಳಿಯದೆ ಗುಡ್ಡವನ್ನು ಹೊಗಳುವಂತಿಲ್ಲ. ರಸ್ತೆಗಾಗಿ ನೇರ ಕಡಿದ ಯಾವುದೇ ಗುಡ್ಡದ ಮಗ್ಗುಲನ್ನು ನಿಂತು ನೋಡಿದರೆ ಮೂರು ಪದರ ಕಾಣುತ್ತದೆ. ಎಲ್ಲಕ್ಕಿಂತ ಮೇಲೆ ಜೇನುಗೂಡಿನಂತೆ ತೂತು ತೂತಾದ, ಗಾಳಿಗೆ ಒಣಗಿದಷ್ಟೂ ಗಟ್ಟಿಯಾಗುವ ಕೆಂಪುಕಲ್ಲಿನ ಟೋಪಿ. ಅದರ ಕೆಳಗೆ ಕಲ್ಲಾಗಲು ಹೊರಟು ಅರ್ಧಕ್ಕೆ ನಿಂತಂಥ ಮಿಶ್ರ ಮಣ್ಣು. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣ ಬೆರೆತ ನುಣುಪಾದ ಶೇಡಿ ಮಣ್ಣು. ಒಣಗಿರುವಾಗ ಶೇಡಿ ಪಿಕಾಸಿಗೂ ಜಗ್ಗದಷ್ಟು ಬಿಗಿಯಾಗಿರುತ್ತದೆ, ನೀರು ಕುಡಿದಾಗ ಕೈಯಲ್ಲಿ ಉಜ್ಜಿದರೆ ಸಾಬೂನಿನಂತೆ ಜಾರುತ್ತದೆ. ಮೇಲಿನ ಟೋಪಿ ಇರುವಷ್ಟು ಕಾಲ ಮಳೆನೀರು ಅದರ ತೂತುಗಳಲ್ಲಿ ಇಂಗಿ, ಶೇಡಿಯ ಮೇಲ್ಮೈಯಲ್ಲಿ ಹರಿದು, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ; ಕದ್ರಿ ದೇವಸ್ಥಾನದ ಗೋಮುಖದಿಂದ ಕೆರೆಗಳಿಗೆ ಬೀಳುವ ಜಲಧಾರೆ ಕೆಂಪುಕಲ್ಲಿನ ಗುಡ್ಡ ಸಾಕಿದ ನೀರು. ಸೈಟು ಮಾಡುವುದಕ್ಕಾಗಿ ಟೋಪಿಯನ್ನು ಕಡಿದು, ಗುಡ್ಡದ ಮಗ್ಗುಲನ್ನು ಗೋಡೆಯಂತೆ ನೇರ ಕೊರೆದಾಗ ಶೇಡಿ ಮಳೆಗೆ ಬೆತ್ತಲಾಗುತ್ತದೆ, ಎರಡನೆಯದೋ ಮೂರನೆಯದೋ ಮಳೆಗಾಲದಲ್ಲಿ ಬರೆ, ಅಂದರೆ ಹಾಗೆ ಕಡಿದ ಮಗ್ಗುಲು, ಜರಿಯುತ್ತದೆ.

ಬರೆ ಜರಿಯುವುದು ಈ ಜಿಲ್ಲೆಯಲ್ಲಿ ಅಪರೂಪದ ಸುದ್ದಿಯಾಗಿ ಉಳಿದಿಲ್ಲ. 2024ರ ಜೂನ್‌ನಲ್ಲಿ ಉಳ್ಳಾಲ ತಾಲೂಕಿನ ಮುನ್ನೂರು ಗ್ರಾಮದ ಮದನಿನಗರದಲ್ಲಿ ಮೇಲಿನ ಜಾಗದ ಆವರಣ ಗೋಡೆ ಕೆಳಗಿನ ಮನೆಯ ಮೇಲೆ ಕುಸಿದು ಒಂದೇ ಕುಟುಂಬದ ನಾಲ್ವರು ಸತ್ತರು. 2025ರ ಮೇ ಕೊನೆಯಲ್ಲಿ ಮೊಂಟೆಪದವಿನಲ್ಲಿ ಗುಡ್ಡ ಜರಿದು ಮನೆಯೊಂದರಲ್ಲಿ ಮಕ್ಕಳೂ ಸೇರಿ ಜೀವ ಹೋದವು. ಮೊದಲ ದುರಂತದಲ್ಲಿ ಮನೆಯವರ ಮೇಲೆ ಬಿದ್ದದ್ದು ಅವರದಲ್ಲದ ಗೋಡೆ ಎಂಬುದನ್ನು ಗಮನಿಸಬೇಕು. ಕೊಳ್ಳುವವರು ತಮ್ಮ ಜಾಗವನ್ನು ನೋಡಿದಷ್ಟೇ ಎಚ್ಚರದಿಂದ ಮೇಲಿನ ಜಾಗವನ್ನೂ ನೋಡಬೇಕು. ಮಣ್ಣನ್ನು ಹಿಡಿದು ನಿಲ್ಲಿಸಲೆಂದು ಕಟ್ಟುವ ತಡೆಗೋಡೆಗೂ ಗಡಿ ಗುರುತಿಸಲು ಕಟ್ಟುವ ಕಾಂಪೌಂಡು ಗೋಡೆಗೂ ಅಜಗಜಾಂತರವಿದೆ. ತಡೆಗೋಡೆ ಬುಡದಲ್ಲಿ ಅಗಲವಾಗಿದ್ದು ಮೇಲಕ್ಕೆ ಹೋದಂತೆ ಕಿರಿದಾಗಬೇಕು, ಅದರ ಹಿಂದೆ ಕಟ್ಟಿಕೊಳ್ಳುವ ನೀರು ಹೊರಬರಲು ಸಾಲುಸಾಲಾಗಿ ಪೈಪಿನ ತೂತುಗಳಿರಬೇಕು, ಮಳೆಗಾಲದಲ್ಲಿ ಆ ತೂತುಗಳಿಂದ ನಿಜಕ್ಕೂ ನೀರು ಸುರಿಯುತ್ತಿರಬೇಕು. ಒಂದೇ ದಪ್ಪಕ್ಕೆ ಕೆಂಪುಕಲ್ಲು ಪೇರಿಸಿ, ಸಿಮೆಂಟು ಬಳಿದು, ಹಿಂದೆ ಆಳೆತ್ತರ ಮಣ್ಣು ತುಂಬಿದ ಗೋಡೆಯ ಕೆಳಗೆ ಎಷ್ಟು ಅಗ್ಗಕ್ಕೆ ಸಿಕ್ಕರೂ ಮನೆ ಕೊಳ್ಳಬಾರದು. ಈ ಮಾತಿನಲ್ಲಿ ರಾಜಿಗೆ ಎಡೆಯಿಲ್ಲ.

ಮಳೆಗಾಲದಲ್ಲಿ ಮುಳುಗುವ ಊರಿಗೆ ಬೇಸಿಗೆಯಲ್ಲಿ ನೀರಿಲ್ಲ ಎಂದರೆ ಹೊರಗಿನವರು ನಂಬಲಾರರು. ನಗರದ ನಳ್ಳಿಗಳಿಗೆ ಬರುವ ನೀರು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿರುವ ಕಿಂಡಿ ಅಣೆಕಟ್ಟಿನದು. ಘಟ್ಟದಲ್ಲಿ ಮಳೆ ತಡವಾದ 2019 ಮತ್ತು 2023ರ ಬೇಸಿಗೆಗಳಲ್ಲಿ ಪಾಲಿಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು, ಆಗ ಮೊದಲು ಒಣಗಿದ್ದು ಒತ್ತಡ ಏರದ ಎತ್ತರದ ಜಾಗಗಳ ನಳ್ಳಿಗಳು. ಹೀಗಾಗಿ ಹಿತ್ತಿಲ ಬಾವಿ ಇಲ್ಲಿ ಅಲಂಕಾರದ ವಸ್ತುವಲ್ಲ. ಪದವಿನ ಮೇಲಿನ ಬಾವಿ ಆಳವಾಗಿದ್ದು ಏಪ್ರಿಲ್ ಹೊತ್ತಿಗೆ ತಳ ಕಾಣಬಹುದು. ಮಜಲಿನ ಮಟ್ಟದ ಬಾವಿಯಲ್ಲಿ ಮೇ ಕೊನೆಗೂ ಆಳೆತ್ತರ ನೀರಿರುವುದುಂಟು. ನದಿಯ ಅಥವಾ ಕಡಲಿನ ಬದಿಯ ಬಾವಿಯಲ್ಲಿ ನೀರು ಮೇಲೆಯೇ ಇದ್ದರೂ ಬೇಸಿಗೆಯಲ್ಲಿ ಅದು ಉಪ್ಪಾಗಬಹುದು. ಕೆಂಪುಕಲ್ಲನ್ನು ಕೊರೆದ ಬಾವಿಯ ಒಳಗೋಡೆಯಲ್ಲಿ ಒಂದು ಕಪ್ಪು-ಹಸಿರು ಗೆರೆ ಇರುತ್ತದೆ, ಅಲ್ಲಿಯವರೆಗೆ ಮಳೆಗಾಲದ ನೀರು ಏರಿತ್ತು ಎಂದರ್ಥ. ಆ ಗೆರೆಗೂ ಮೇ ತಿಂಗಳ ನೀರಿಗೂ ನಡುವಿನ ಅಂತರವನ್ನು ನೋಡಿದರೆ ಮಾರುವವರು ಹೇಳದ ಸಂಗತಿ ತಿಳಿಯುತ್ತದೆ. ಜತೆಗೆ ಸುತ್ತಲಿನ ಮನೆಗಳು ಒಳಚರಂಡಿಗೆ ಸೇರಿವೆಯೋ, ಶೌಚದ ಗುಂಡಿಗಳನ್ನೇ ನೆಚ್ಚಿವೆಯೋ ಎಂದು ವಿಚಾರಿಸಬೇಕು, ಏಕೆಂದರೆ ತೂತುಗಳ ಕಲ್ಲಿನಲ್ಲಿ ಒಳ್ಳೆಯ ನೀರು ಹರಿಯುವ ದಾರಿಯಲ್ಲೇ ಕೊಳಕು ನೀರೂ ಹರಿಯುತ್ತದೆ. ಜಪ್ಪುವಿನ ಗುಜ್ಜರಕೆರೆಯಂಥ ಹಳೆಯ ಕೆರೆಗೂ ಒಳಚರಂಡಿಯ ನೀರು ಸೇರಿದ ದೂರು ವರ್ಷಗಟ್ಟಲೆ ಕೇಳಿಬಂದಿದೆ. ನಗರದ ಕಸ ಸೇರುವ ಪಚ್ಚನಾಡಿಯಲ್ಲಿ 2019ರ ಆಗಸ್ಟ್‌ನಲ್ಲಿ ಕಸದ ರಾಶಿಯೇ ಜರಿದು ಕೆಳಗಿನ ಮಂದಾರದ ಮನೆ, ತೋಟಗಳನ್ನು ಮುಚ್ಚಿದ್ದನ್ನು ಆ ಬದಿಯಲ್ಲಿ ಜಾಗ ನೋಡುವವರು ಮರೆಯಬಾರದು.

ಕಡಲಿಗೆ ಮುಖ ಮಾಡಿದ ಜಾಗದ ಸೆಳೆತ ಬೇರೆಯೇ. ಉಳ್ಳಾಲ, ಸೋಮೇಶ್ವರ, ಉಚ್ಚಿಲಗಳಲ್ಲಿ ಕಡಲ್ಕೊರೆತ ಪ್ರತಿ ಮಳೆಗಾಲದ ಸಂಕಟ. ಅಲೆಗಳು ಮರಳನ್ನು ದಡದುದ್ದಕ್ಕೂ ಸಾಗಿಸುತ್ತಲೇ ಇರುತ್ತವೆ, ಒಂದೆಡೆ ಕಲ್ಲಿನ ಗೋಡೆ ಅದನ್ನು ತಡೆದರೆ ಇನ್ನೊಂದೆಡೆ ದಡ ಸೊರಗುತ್ತದೆ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಕಡಲೊಳಗೆ ಅಲೆಯ ಕಸುವು ಮುರಿಯುವ ದಿಬ್ಬಗಳನ್ನು ಕಟ್ಟಲಾಗಿದೆ. ಉತ್ತರದಲ್ಲಿ ಸುರತ್ಕಲ್, ಹೊಸಬೆಟ್ಟುಗಳ ದಡ ಎನ್‌ಐಟಿಕೆ ತಾಂತ್ರಿಕ ಸಂಸ್ಥೆಯ ನೆರೆಯಿಂದ ಬಾಡಿಗೆಗೆ ಒಳ್ಳೆಯ ಜಾಗವಾದರೂ, ಅಲ್ಲಿಗೂ ನಗರಕ್ಕೂ ನಡುವೆ ಪಣಂಬೂರಿನ ಬಂದರು, ಬೈಕಂಪಾಡಿಯ ಕೈಗಾರಿಕೆಗಳು, ಕೂಳೂರಿನ ಸೇತುವೆ ಇವೆ. ಇವೆಲ್ಲ ಕಡೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಜೆಡ್‌ನ ನಿಯಮ ಅನ್ವಯಿಸುತ್ತದೆ. 1991ರಲ್ಲಿ ಬಂದು, 2011 ಮತ್ತು 2019ರಲ್ಲಿ ಹೊಸ ರೂಪ ಪಡೆದ ಈ ನಿಯಮ ಭರತದ ನೀರು ತಲುಪುವ ಗೆರೆಯಿಂದ ಒಳನಾಡಿನ ಕಡೆಗೆ 500 ಮೀಟರ್‌ವರೆಗಿನ ನೆಲಕ್ಕೆ ಸಂಬಂಧಿಸಿದ್ದು. ಈಗಾಗಲೇ ಊರಾಗಿ ಬೆಳೆದ ಜಾಗದಲ್ಲಿ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡಗಳ ಒಳಬದಿಗೆ ಕಟ್ಟಲು ಅವಕಾಶವಿದೆ; ಹಳ್ಳಿಯ ದಡದಲ್ಲಿ ಜನಸಾಂದ್ರತೆಗೆ ತಕ್ಕಂತೆ 50 ಅಥವಾ 200 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಬಹುಮಂದಿ ಗಮನಿಸದ ಸಂಗತಿಯೆಂದರೆ ಈ ನಿಯಮ ಉಬ್ಬರವಿಳಿತ ತಲುಪುವ ನದಿಯ ದಡಕ್ಕೂ ಅನ್ವಯಿಸುತ್ತದೆ. ಅತ್ಯಂತ ಒಣ ಕಾಲದಲ್ಲಿ ನೀರಿನಲ್ಲಿ ಸಾವಿರಕ್ಕೆ ಐದು ಪಾಲು ಉಪ್ಪಿರುವ ಜಾಗದವರೆಗೆ ನದಿಯನ್ನು ಕಡಲಿನ ಭಾಗವೆಂದೇ ಎಣಿಸಲಾಗುತ್ತದೆ, ಆದ್ದರಿಂದ ಬೋಳಾರ, ಕೂಳೂರು, ಜಪ್ಪಿನಮೊಗರುಗಳ ನದಿಬದಿಯ ಸೈಟಿಗೂ ನಕ್ಷೆ ನೋಡಬೇಕು. ಗೆರೆ ಎಲ್ಲಿ ಹಾಯ್ದಿದೆ ಎಂಬುದಕ್ಕೆ ಸರ್ಕಾರ ಒಪ್ಪಿದ ಕರಾವಳಿ ನಿರ್ವಹಣಾ ನಕ್ಷೆಯಷ್ಟೇ ಆಧಾರ. ದಲ್ಲಾಳಿಯ ಬಾಯಿಮಾತು ಆಧಾರವಲ್ಲ.

ನೇತ್ರಾವತಿಯ ಆಚೆಯ ತೊಕ್ಕೊಟ್ಟು, ದೇರಳಕಟ್ಟೆ, ಕೊಣಾಜೆಗಳು ವೈದ್ಯಕೀಯ ಕಾಲೇಜುಗಳಿಂದಲೂ 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯದಿಂದಲೂ ಬೆಳೆದವು. ಅಲ್ಲೇ ಕೆಲಸ ಮಾಡುವವರಿಗೆ ಅವು ನೆಮ್ಮದಿಯ ಊರುಗಳು. ನಗರಕ್ಕೆ ದಿನವೂ ಬಂದುಹೋಗುವವರ ಹೊತ್ತು ಮಾತ್ರ ನೇತ್ರಾವತಿಯ ಸೇತುವೆ ಮತ್ತು ಪಂಪ್‌ವೆಲ್‌ನ ದಟ್ಟಣೆಯ ಕೈಯಲ್ಲಿರುತ್ತದೆ. ಪೂರ್ವದ ಮರೋಳಿ, ಕುಲಶೇಖರ, ಶಕ್ತಿನಗರಗಳು ಎತ್ತರದ ಜಾಗಗಳು, ಮಧ್ಯಮ ವರ್ಗದ ಕೈಗೆ ಇನ್ನೂ ಎಟಕುವಂಥವು. ಅಲ್ಲಿ ನಂತೂರು ವೃತ್ತವನ್ನು ದಾಟುವ ತಾಳ್ಮೆ ಇರಬೇಕು.

ನೆಲದಷ್ಟೇ ಗಮನ ಕಾಗದಪತ್ರಕ್ಕೂ ಬೇಕು, ಇದರಲ್ಲಿ ಮಂಗಳೂರು ರಾಜ್ಯದ ಬೇರೆ ನಗರಗಳಂತಲ್ಲ. ಅಳತೆಯೇ ಬೇರೆ: ಇಲ್ಲಿ ಜಾಗವನ್ನು ಸೆಂಟ್ಸಿನಲ್ಲಿ ಹೇಳುತ್ತಾರೆ, ನೂರು ಸೆಂಟ್ಸಿಗೆ ಒಂದು ಎಕರೆ, ಒಂದು ಸೆಂಟ್ಸೆಂದರೆ 435.6 ಚದರ ಅಡಿ. ಐದು ಸೆಂಟ್ಸಿನ ಜಾಗ 2178 ಚದರ ಅಡಿಯಾದರೆ, ಬೆಂಗಳೂರಿನ ‘ಮೂವತ್ತು-ನಲವತ್ತು’ ಸೈಟು ಇಲ್ಲಿನ ಲೆಕ್ಕದಲ್ಲಿ ಮೂರು ಸೆಂಟ್ಸಿಗೂ ಕಡಿಮೆ. ಅಳತೆಗಿಂತ ತೊಡಕಿನದು ಒಡೆತನ. ಊರಿನ ಹಳೆಯ ಕೇರಿಗಳಲ್ಲಿ ಮೂಲಗೇಣಿಯ ಜಾಗಗಳಿವೆ. ಜಾಗದ ಮೂಲ ಒಡೆಯ ಬದಲಾಗದ ಗೇಣಿಗೆ ಅದನ್ನು ಶಾಶ್ವತವಾಗಿ ಬಿಟ್ಟುಕೊಟ್ಟು, ಗೇಣಿದಾರರು ತಲೆಮಾರುಗಳ ಕಾಲ ಅಲ್ಲಿ ಮನೆ ಕಟ್ಟಿಕೊಂಡು ಬಾಳಿದ ವ್ಯವಸ್ಥೆ ಅದು. ಆ ಗೇಣಿದಾರರು ತಮ್ಮ ಹಕ್ಕಿನ ಒಂದು ಪಾಲನ್ನು ಮತ್ತೊಬ್ಬರಿಗೆ ಬಿಟ್ಟುಕೊಟ್ಟಿದ್ದರೆ ಅದು ಒಳಮೂಲಗೇಣಿ. ಎಪ್ಪತ್ತರ ದಶಕದ ಭೂಸುಧಾರಣೆ ಕೃಷಿ ಭೂಮಿಯ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು, ಪೇಟೆಯ ಮನೆ ಅಡಿಗಳ ಗೇಣಿ ಮಾತ್ರ ಹಾಗೆಯೇ ಉಳಿಯಿತು. ಅವರಿಗೂ ನಿಗದಿತ ಮೊತ್ತ ತೆತ್ತು ಒಡೆತನ ಪಡೆಯುವ ದಾರಿ ತೋರಿಸಲು 2011ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಮೂಲಗೇಣಿಯ ಜಾಗ ಕೆಟ್ಟದ್ದೇನಲ್ಲ, ಎಷ್ಟೋ ಸಂಸಾರಗಳು ಅದರಲ್ಲೇ ಬಾಳಿವೆ. ಆದರೆ ಕೊಳ್ಳುವವರು ಪಡೆಯುತ್ತಿರುವುದು ಗೇಣಿಯ ಹಕ್ಕನ್ನೋ, ಪೂರ್ಣ ಒಡೆತನವನ್ನೋ ಎಂಬುದು ಕ್ರಯಪತ್ರಕ್ಕೆ ಮೊದಲೇ ತಿಳಿದಿರಬೇಕು, ಬ್ಯಾಂಕು ಸಾಲಕ್ಕೆ ಅಡ್ಡಿ ತೆಗೆದ ದಿನ ತಿಳಿಯುವಂತಾಗಬಾರದು.

ನಗರದ ಅಂಚಿನಲ್ಲಿ ಇನ್ನೊಂದು ಪದ ಎದುರಾಗುತ್ತದೆ, ಅದು ಕುಮ್ಕಿ. ವರ್ಗ ಜಾಗಕ್ಕೆ, ಅಂದರೆ ಪಟ್ಟೆಯ ಜಮೀನಿಗೆ ತಾಗಿದ, 100 ಗಜದೊಳಗಿನ ಸರ್ಕಾರಿ ಪಾಳುಭೂಮಿಯಿಂದ ಸೊಪ್ಪು, ಸೌದೆ, ಮೇವು ಪಡೆಯಲು ಕೃಷಿಕರಿಗೆ ಇರುವ ಸವಲತ್ತೇ ಕುಮ್ಕಿ. ಅದು ಬಳಕೆಯ ಸವಲತ್ತು, ಒಡೆತನವಲ್ಲ. ‘ಹತ್ತು ಸೆಂಟ್ಸ್ ವರ್ಗ, ಜತೆಗೆ ನಾಲ್ಕು ಸೆಂಟ್ಸ್ ಕುಮ್ಕಿ’ ಎಂದು ಮಾರುವವರು ಹೇಳಿದರೆ ಹಣ ಕೊಡಬೇಕಾದದ್ದು ಹತ್ತು ಸೆಂಟ್ಸಿಗೆ ಮಾತ್ರ. ಗ್ರಾಮ ಪಂಚಾಯತಿಯ ವ್ಯಾಪ್ತಿಯಲ್ಲಿ ಎಲ್ಲರ ಬಾಯಲ್ಲೂ ಇರುವ ‘ನೈನ್-ಇಲೆವೆನ್’ ಎಂದರೆ ನಮೂನೆ 9 ಮತ್ತು 11ಎ. 11ಬಿ ಎಂಬುದು ತೆರಿಗೆ ವಸೂಲಿಯ ದಾಖಲೆಯೇ ಹೊರತು ಜಾಗ ಕ್ರಮಬದ್ಧವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಪಾಲಿಕೆಯ ವ್ಯಾಪ್ತಿಯಲ್ಲಾದರೆ ಗಡಿಯ ನಕಾಶೆಯೂ ಹಕ್ಕಿನ ವಿವರವೂ ಒಂದೇ ಕಡೆ ಇರುವ ಪ್ರಾಪರ್ಟಿ ಕಾರ್ಡನ್ನು ಕೇಳಿ ಪಡೆದು, ಅದರಲ್ಲಿರುವ ಅಳತೆಯನ್ನು ಸ್ಥಳದಲ್ಲಿ ಟೇಪು ಹಿಡಿದು ತಾಳೆ ನೋಡುವುದು ಒಳ್ಳೆಯದು.

ಜಾಗದ ಬದಲು ಫ್ಲ್ಯಾಟು ಕೊಳ್ಳುವವರಿಗೆ 2016ರ ರೇರಾ ಕಾಯ್ದೆಯ ಆಸರೆ ಇದೆ. ಐನೂರು ಚದರ ಮೀಟರ್‌ಗಿಂತ ಹೆಚ್ಚಿನ ಜಾಗದಲ್ಲಿ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳಿಗೆ ಕಟ್ಟುವ ಯೋಜನೆ ನೋಂದಣಿಯಾಗದೆ ಮಾರಾಟಕ್ಕೆ ಬರುವಂತಿಲ್ಲ, ದರವನ್ನು ಗೋಡೆಯೊಳಗಿನ ನಿಜವಾದ ಬಳಕೆಯ ನೆಲ, ಅಂದರೆ ಕಾರ್ಪೆಟ್ ಏರಿಯಾದ ಮೇಲೆ ಹೇಳಬೇಕು, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ಅಥವಾ ಕೆಲಸದಲ್ಲಿ ಕಂಡ ದೋಷವನ್ನು ಕಟ್ಟಿದವರೇ ಸರಿಪಡಿಸಬೇಕು. ಈ ಐದು ವರ್ಷದ ಮಾತು ಬೇರೆಲ್ಲಿಗಿಂತ ಇಲ್ಲಿ ಹೆಚ್ಚು ತೂಕದ್ದು. ಮುಂಗಾರಿನ ಮಳೆ ನೈಋತ್ಯದಿಂದ ಓರೆಯಾಗಿ ಬಂದು ಪಶ್ಚಿಮದ ಗೋಡೆಯನ್ನು ನಾಲ್ಕು ತಿಂಗಳು ಬಿಡದೆ ಹೊಡೆಯುತ್ತದೆ. ಕಾಂಕ್ರೀಟು ತಾರಸಿಯ ಮೇಲೂ ಇಲ್ಲಿನವರು ತಗಡಿನ ಮಾಡು ಹಾಕಿಸುವುದು ಇದೇ ಅನುಭವದಿಂದ. ಮಾರ್ಚ್‌ನಲ್ಲಿ ತೋರಿಸುವ ಫ್ಲ್ಯಾಟಿಗೆ ಹೊಸ ಬಣ್ಣ ಬಳಿದಿರುತ್ತಾರೆ, ಆದರೆ ಅದೇ ಕಟ್ಟಡದ ಪಶ್ಚಿಮದ ಮಗ್ಗುಲಿನ ಮೆಟ್ಟಿಲ ಗೋಡೆಗೆ ಯಾರೂ ಬಣ್ಣ ಬಳಿದಿರುವುದಿಲ್ಲ. ಎರಡನೆಯ ಮಹಡಿಯಿಂದ ಮೂರನೆಯದಕ್ಕೆ ಹತ್ತುವಾಗ, ಕಿಟಕಿಯ ಕೆಳಗಿನ ಮೂಲೆಯಲ್ಲಿ ಗಾರೆ ಹೊಪ್ಪಳಿಕೆ ಎದ್ದಿದೆಯೇ, ಬೆರಳು ಒತ್ತಿದರೆ ಬಿಳಿಯ ಉಪ್ಪಿನ ಪುಡಿ ಉದುರುತ್ತದೆಯೇ ಎಂದು ನೋಡಿ, ಅದೇ ಗೋಡೆಯನ್ನು ಜುಲೈಯಲ್ಲಿ ಮತ್ತೊಮ್ಮೆ ಬಂದು ಮುಟ್ಟಿ ನೋಡುವವರೆಗೆ ಮುಂಗಡ ಹಣವನ್ನು ಕೈಯಲ್ಲೇ ಇಟ್ಟುಕೊಳ್ಳಬಹುದು.